ಗುಡ್ಡ ತಾನಾಗಿ ಕುಸಿದರೆ ಹಣ, ಕಡಿದು ಕುಸಿದರೆ?

ಮನೆ ವಿಮೆಯ ಮಾತು ಬಂದಾಗಲೆಲ್ಲ ಸಣ್ಣ ಅಕ್ಷರದ ಷರತ್ತುಗಳನ್ನು ಬೈಯುವುದು ವಾಡಿಕೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಮಟ್ಟಿಗೆ ಆ ಬೈಗುಳ ಅರ್ಧ ಮಾತ್ರ ನ್ಯಾಯ. ಎಲ್ಲ ಕಂಪನಿಗಳೂ ಒಂದೇ ಒಕ್ಕಣೆಯಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಈ ಪಾಲಿಸಿ ಸಾಮಾನ್ಯ ಓದುಗನಿಗೆ ಅರ್ಥವಾಗುವ ಭಾಷೆಯಲ್ಲಿದೆ. ಇದು ಹಳೆಯ ದೊಡ್ಡ ಅನ್ಯಾಯವೊಂದನ್ನೂ ತೆಗೆದುಹಾಕಿದೆ. ಮೊದಲು 40 ಲಕ್ಷದ ಕಟ್ಟಡವನ್ನು 20 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 4 ಲಕ್ಷ ನಷ್ಟವಾದಾಗ ಕೈಗೆ ಬರುತ್ತಿದ್ದುದು 2 ಲಕ್ಷ. ಈಗ ಆ ಕಡಿತವಿಲ್ಲ. ವಿಮಾ ಮೊತ್ತದ ಮಿತಿಯೊಳಗೆ ಆದ ನಷ್ಟವನ್ನು ಕೊಡಲೇಬೇಕು. ಮೊತ್ತದ ಲೆಕ್ಕವೂ ಸರಳ: ಕಾರ್ಪೆಟ್ ಏರಿಯಾವನ್ನು ಚದರಡಿಯ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಸಾಕು. 1,000 ಚದರಡಿಯ ಫ್ಲ್ಯಾಟು ಕೋಟಿಗೆ ಮಾರಾಟವಾಗುವಂತಿರಬಹುದು. ಚದರಡಿಗೆ 2,500 ರೂಪಾಯಿಯಂತೆ ಮತ್ತೆ ಕಟ್ಟಲು ಬೇಕಾದದ್ದು 25 ಲಕ್ಷ, ವಿಮೆಯೂ ಅಷ್ಟಕ್ಕೇ. ಸೈಟಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿ ಸಿಗುತ್ತದೆ.

ಜನ ಎಡವುವ ಕೆಲವು ಜಾಗಗಳನ್ನು ಬೇಗ ದಾಟಿಬಿಡಬಹುದು. ಈ ಪಾಲಿಸಿ ಕಳ್ಳತನದ ವಿಮೆಯಲ್ಲ. ಬೆಂಕಿ, ಪ್ರವಾಹ, ಗಲಭೆಯಂಥ ಅವಘಡ ನಡೆದು, ಅದರಿಂದಾಗಿಯೇ 7 ದಿನದೊಳಗೆ ಕಳವಾದರೆ ಮಾತ್ರ ಪರಿಹಾರ. ಊರಿಗೆ ಹೋದಾಗ ಬೀಗ ಒಡೆದು ದೋಚಿದರೆ ಅದಕ್ಕೆ ಬೇರೆ ಪಾಲಿಸಿ ಬೇಕು. ಒಡವೆಗಳನ್ನು ಪ್ರತ್ಯೇಕವಾಗಿ ಸೇರಿಸಬೇಕು. ನಗದು ಮತ್ತು ವಾಹನ ಲೆಕ್ಕಕ್ಕಿಲ್ಲ. ಶಾರ್ಟ್ ಸರ್ಕ್ಯೂಟ್‌ನಿಂದ ಫ್ರಿಜ್ ಸುಟ್ಟರೆ ಫ್ರಿಜ್ಜಿಗೆ ಹಣವಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಅಡುಗೆಮನೆ ಆಹುತಿಯಾದರೆ ಅಡುಗೆಮನೆಗೆ ಉಂಟು. ಸಾಲ ಪಡೆಯುವಾಗ ಬ್ಯಾಂಕು ಮಾಡಿಸಿದ ವಿಮೆ ಎಷ್ಟೋ ಸಲ ಸಾಲಗಾರನ ಜೀವದ ಮೇಲಿನದು, ಗೋಡೆಯ ಮೇಲಿನದಲ್ಲ. ಇವೆಲ್ಲ ತಿಳಿವಳಿಕೆಯ ಕೊರತೆಗಳು. ಏಜೆಂಟ್ ಹತ್ತು ನಿಮಿಷ ಪ್ರಾಮಾಣಿಕವಾಗಿ ಮಾತನಾಡಿದರೆ ತೀರುತ್ತವೆ.

ಏಜೆಂಟ್ ಎಷ್ಟು ಮಾತನಾಡಿದರೂ ತೀರದ ತೊಡಕು ನೆಲಕ್ಕೆ ಸಂಬಂಧಿಸಿದ ಷರತ್ತಿನಲ್ಲಿದೆ. ಮನೆ ನಿಂತ ನೆಲ ಕುಸಿದರೆ, ಗುಡ್ಡ ಜರಿದರೆ, ಬಂಡೆ ಉರುಳಿದರೆ ಪರಿಹಾರವುಂಟು ಎಂದು ಪಾಲಿಸಿ ಹೇಳುತ್ತದೆ. ಅದರ ಬೆನ್ನಿಗೇ ವಿನಾಯಿತಿಗಳ ಸಾಲು: ಹೊಸ ಕಟ್ಟಡ ಸಹಜವಾಗಿ ಕೂತು ಬಿಟ್ಟ ಬಿರುಕು, ಮಣ್ಣು ತುಂಬಿಸಿ ಎತ್ತರಿಸಿದ ಜಾಗದ ಕುಸಿತ, ಕಡಲ ಅಥವಾ ನದಿಯ ಕೊರೆತ, ಕಳಪೆ ವಿನ್ಯಾಸ ಮತ್ತು ಕಾಮಗಾರಿ, ಕಟ್ಟುವ ಕೆಡಹುವ ಕೆಲಸ, ನೆಲ ಅಗೆತ. ಕರ್ನಾಟಕದಲ್ಲಿ ನೆಲ ಯಾಕೆ ಕುಸಿಯುತ್ತದೆ ಎಂದು ಕೇಳಿಕೊಂಡರೆ ಉತ್ತರ ಬಹುಪಾಲು ಈ ಸಾಲಿನಲ್ಲೇ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನ ಇಳಿಜಾರುಗಳು ಜರಿದಾಗ ಮಳೆಯಷ್ಟೇ ಅಲ್ಲ, ರಸ್ತೆಗೂ ಮನೆಗೂ ಗುಡ್ಡ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿಗೆ ಬಿದ್ದು, ನದಿಯ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿದಾಗಲೂ ಮೊದಲು ಕೇಳಿಬಂದದ್ದು ಹೆದ್ದಾರಿ ಅಗಲೀಕರಣಕ್ಕೆ ಗುಡ್ಡ ಕತ್ತರಿಸಿದ ದೂರು. ಬೆಂಗಳೂರಿನಲ್ಲಿ ಕೆರೆಯಂಗಳಕ್ಕೆ ಮಣ್ಣು ತುಂಬಿಸಿ ಮಾಡಿದ ಬಡಾವಣೆಗಳಿಗೆ ಲೆಕ್ಕವಿಲ್ಲ. ಪಕ್ಕದ ಸೈಟಿನವರು ನೆಲಮಾಳಿಗೆಗೆ ತೋಡಿದ ಗುಂಡಿಯಿಂದ ಈಚೆ ಮನೆಯ ಪಾಯ ಸಡಿಲವಾಗುವುದೂ ಅಪರೂಪವಲ್ಲ. ಉಳ್ಳಾಲದ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. ಅಂದರೆ ಗುಡ್ಡ ಯಾರೂ ಮುಟ್ಟದೆ ತಾನೇ ಜಾರುವ ನಾಡಿಗೆ ಈ ಷರತ್ತು ಒಪ್ಪುತ್ತದೆ. ಅಂಥ ನಾಡು ನಮ್ಮದಲ್ಲ.

ಕರಾವಳಿಯಲ್ಲಿ ಇದು ಇನ್ನೂ ವಿಚಿತ್ರವಾಗುತ್ತದೆ. ಚಂಡಮಾರುತ, ಬಿರುಗಾಳಿ, ನೆರೆ ಬೇರೆಯೇ ಕಲಮಿನಲ್ಲಿ ಬರುತ್ತವೆ, ಅಲ್ಲಿ ಕೊರೆತದ ವಿನಾಯಿತಿಯಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಂತೆ ಒಂದೇ ರಾತ್ರಿ ಅಲೆ ಬಡಿದು ಗೋಡೆ ಬಿದ್ದರೆ ಪರಿಹಾರ ಕೇಳಬಹುದು. ಅದೇ ಅಲೆ ನಾಲ್ಕು ಮಳೆಗಾಲ ಮರಳು ಕದ್ದು, ಐದನೆಯದರಲ್ಲಿ ಅದೇ ಗೋಡೆಯನ್ನು ಬೀಳಿಸಿದರೆ? ಸರ್ವೇಯರ್ ವರದಿಯಲ್ಲಿ ಯಾವ ಪದ ಬೀಳುತ್ತದೋ ಅದರ ಮೇಲೆ ಒಂದು ಕುಟುಂಬದ ಗತಿ ನಿಂತಿರುತ್ತದೆ.

ಕಂಪನಿಗಳ ಪರವಾಗಿ ಹೇಳುವ ವಾದ ಹುರುಳಿಲ್ಲದ್ದಲ್ಲ. ವಿಮೆ ಇರುವುದು ಆಕಸ್ಮಿಕಕ್ಕೆ, ಆಗಿಯೇ ತೀರುವುದಕ್ಕಲ್ಲ. ಗೆದ್ದಲು, ಸೋರಿಕೆ, ಸವೆತಗಳಿಗೆ ಹಣ ಕೊಡತೊಡಗಿದರೆ ಅದು ವಿಮೆಯಾಗಿ ಉಳಿಯದೆ ದುರಸ್ತಿಯ ಚೀಟಿಯಾಗುತ್ತದೆ. ಕಡಲ್ಕೊರೆತವೂ ಬಹುಮಟ್ಟಿಗೆ ಇದೇ ಗುಂಪಿಗೆ ಸೇರುತ್ತದೆಂದು ಒಪ್ಪಬೇಕು. ಅದರ ಹೊರೆ ಸರ್ಕಾರದ್ದು, ಪ್ರೀಮಿಯಂ ಕಟ್ಟುವ ಶಿವಮೊಗ್ಗದವರದ್ದಲ್ಲ. ತನ್ನ ಮನೆಯ ಹಿಂದಿನ ದರೆಯನ್ನು ತಾನೇ ಜೆಸಿಬಿ ತಂದು ನೆಟ್ಟಗೆ ಕಡಿಸಿದವನಿಗೆ ಪರಿಹಾರ ಕೊಟ್ಟರೆ ಅಂಥ ಕಡಿತಕ್ಕೆ ಪ್ರೋತ್ಸಾಹ ಕೊಟ್ಟಂತೆ ಎಂಬುದೂ ಸರಿ. ಆದರೆ ಹೆದ್ದಾರಿಯವರು ಕಡಿದದ್ದಕ್ಕೂ ನೆರೆಯವನು ತೋಡಿದ್ದಕ್ಕೂ ಈ ತರ್ಕ ಹೊಂದುವುದಿಲ್ಲ. ಮನೆಯಾತನ ಪಾಲಿಗೆ ಅದು ಸಿಡಿಲಿನಷ್ಟೇ ಹೊರಗಿನದು, ಅಷ್ಟೇ ಅನಿರೀಕ್ಷಿತ. ಪಾಲಿಸಿ ಅಗೆತವನ್ನು ಹೊರಗಿಡುವಾಗ ಅಗೆದವರು ಯಾರು ಎಂದು ಕೇಳುವುದೇ ಇಲ್ಲ. ಅದರ ನಿಜವಾದ ದೋಷ ಇದು.

ನ್ಯಾಯಾಲಯಗಳಿವೆಯಲ್ಲ ಎಂಬ ಮಾತೂ ಬರುತ್ತದೆ. ವಿನಾಯಿತಿ ಅನ್ವಯಿಸುತ್ತದೆಂದು ಸಾಬೀತು ಮಾಡುವ ಹೊಣೆ ಕಂಪನಿಯದು, ಒಕ್ಕಣೆ ಸಂದಿಗ್ಧವಾಗಿದ್ದರೆ ಅರ್ಥ ಗ್ರಾಹಕನ ಕಡೆಗೆ ವಾಲಬೇಕು ಎಂಬ ತತ್ವಗಳು ನಮ್ಮಲ್ಲಿ ಗಟ್ಟಿಯಾಗಿ ನೆಲೆಗೊಂಡಿವೆ. ಓಂಬುಡ್ಸ್‌ಮನ್ ಇದ್ದಾರೆ, ಗ್ರಾಹಕ ಆಯೋಗವಿದೆ. ಆದರೆ ಇಲ್ಲಿ ಒಕ್ಕಣೆ ಸಂದಿಗ್ಧವೇ ಅಲ್ಲ, ಅಗೆತದಿಂದಾದ ಕುಸಿತಕ್ಕೆ ಹಣವಿಲ್ಲ ಎಂದು ನೇರವಾಗಿಯೇ ಇದೆ. ಇನ್ನು ಕುಸಿತಕ್ಕೆ ಮಳೆ ಎಷ್ಟು ಕಾರಣ, ಕಡಿತ ಎಷ್ಟು ಕಾರಣ ಎಂದು ಬಿಡಿಸಿ ಹೇಳಬಲ್ಲ ಭೂವಿಜ್ಞಾನಿಯನ್ನು ಕರೆತರುವ ತಾಕತ್ತು ಬಾಡಿಗೆ ಮನೆಗೆ ಸಾಗಿದ ಸಂತ್ರಸ್ತನಿಗಿಂತ ಕಂಪನಿಗೇ ಹೆಚ್ಚು.

ಪ್ರೀಮಿಯಂ ಏರಿಸದೆ ಇದನ್ನು ತಿದ್ದಲಾಗದು ಎಂಬ ಕೊನೆಯ ಆಕ್ಷೇಪಕ್ಕೆ ವಿಮಾ ಕಾನೂನಿನಲ್ಲೇ ಉತ್ತರವಿದೆ. ಪರಿಹಾರ ಕೊಟ್ಟ ಕಂಪನಿ ಗ್ರಾಹಕನ ಸ್ಥಾನದಲ್ಲಿ ನಿಂತು, ನಷ್ಟಕ್ಕೆ ಕಾರಣರಾದವರಿಂದ ಆ ಹಣ ವಸೂಲು ಮಾಡಬಹುದು. ಸರಕು ಸಾಗಣೆಯ ವಿಮೆಯಲ್ಲಿ ಇದು ದಿನನಿತ್ಯದ ಕೆಲಸ. ಅಗೆತದ ವಿನಾಯಿತಿಯನ್ನು ಮನೆಯ ಮಾಲೀಕ ತಾನೇ ಮಾಡಿಸಿದ ಕೆಲಸಕ್ಕೆ ಸೀಮಿತಗೊಳಿಸಿದರೆ ಸಾಕು: ಕಂಪನಿ ಮೊದಲು ಮನೆಯವರಿಗೆ ಹಣ ಕೊಟ್ಟು, ಆಮೇಲೆ ಹೆದ್ದಾರಿ ಗುತ್ತಿಗೆದಾರನನ್ನೋ ಪಕ್ಕದ ಬಿಲ್ಡರನ್ನೋ ನ್ಯಾಯಾಲಯಕ್ಕೆ ಎಳೆಯಲಿ. ಎಳೆದದ್ದೆಲ್ಲ ಗೆಲ್ಲುವುದಿಲ್ಲ, ಹಾಗಾಗಿ ಪ್ರೀಮಿಯಂ ಒಂದಿಷ್ಟು ಏರಲೂಬಹುದು. ಆದರೂ ಗುತ್ತಿಗೆದಾರನ ಎದುರು ನಿಲ್ಲಲು ಮನೆ ಕಳೆದುಕೊಂಡ ಒಬ್ಬಂಟಿಗಿಂತ ವಕೀಲರ ದಂಡಿರುವ ಕಂಪನಿಯೇ ಮೇಲು, ಮತ್ತು ಈ ತಿದ್ದುಪಡಿಗೆ ಪ್ರಾಧಿಕಾರ ಬದಲಿಸಬೇಕಾದದ್ದು ಪಾಲಿಸಿಯ ಒಂದೇ ಒಂದು ಸಾಲು.