ಸಗಟು ಗೋದಾಮಿನ ತಿಂಗಳ ಲೆಕ್ಕ

ಹೊನ್ನಾಳಿಗೆ ಇನ್ನೂ ರೈಲು ಬಂದಿಲ್ಲ. ಶಿವಮೊಗ್ಗ–ಹರಿಹರ ಮಾರ್ಗದ ಮಾತು ವರ್ಷಗಳಿಂದ ನಡೆಯುತ್ತಿದೆ, ಹಳಿ ಬಿದ್ದಿಲ್ಲ. ಹಾಗಾಗಿ ಈ ತಾಲ್ಲೂಕಿನ ಪಡಿತರದ ಪ್ರತಿ ಕಾಳೂ ಲಾರಿ ಏರಿಯೇ ಬರಬೇಕು. ಸುತ್ತಲೂ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳಿವೆ. ಆದರೂ ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಬಹುಪಾಲು ಭಾರತ ಆಹಾರ ನಿಗಮದ ಮೂಲಕ ಹೊರರಾಜ್ಯಗಳಿಂದ ಬರುವಂಥದ್ದು. ನಿಗಮದ ಉಗ್ರಾಣದಿಂದ ತಾಲ್ಲೂಕಿನ ಸಗಟು ಮಳಿಗೆಗೆ, ಅಲ್ಲಿಂದ ಸಾಸ್ವೆಹಳ್ಳಿ, ಕುಂದೂರು ಕಡೆಯ ಅಂಗಡಿಗಳಿಗೆ ಅದು ಸಾಗುತ್ತದೆ. ಈ ದಾರಿಯ ಎರಡು ತುದಿಗಳಲ್ಲಿ ಲೆಕ್ಕ ಬಿಗಿಯಾಗಿದೆ: ಆ ತುದಿಯಲ್ಲಿ ಲಾರಿಯನ್ನೇ ತೂಗುವ ವೇ ಬ್ರಿಡ್ಜ್, ಈ ತುದಿಯಲ್ಲಿ ಕಾರ್ಡುದಾರರ ಬೆರಳಚ್ಚು ಕೇಳುವ ಯಂತ್ರ. ನಡುವೆ ನಿಂತಿರುವ ಸಗಟು ಗೋದಾಮಿನಲ್ಲಿ ಮಾತ್ರ ಚೀಲದ ಸಂಖ್ಯೆ ಹೊಂದಿದರೆ ದಾಸ್ತಾನು ಸರಿ, ತಿಂಗಳ ಎತ್ತುವಳಿ ಮುಗಿದರೆ ಕೆಲಸ ಸರಿ ಎಂಬ ಹಳೆಯ ಪದ್ಧತಿಯೇ ನಡೆಯುತ್ತಿದೆ. ಕರ್ನಾಟಕದ ಪಡಿತರ ವ್ಯವಸ್ಥೆಯ ದೊಡ್ಡ ದೋಷ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ವ್ಯವಸ್ಥೆ ಗಳಿಸಿದ್ದನ್ನು ಹೇಳಬೇಕು. ಬಡವರಿಗೆಂದು ಕೇಂದ್ರದಿಂದ ಬಿಡುಗಡೆಯಾದ ಧಾನ್ಯದಲ್ಲಿ ಸುಮಾರು 58% ಬಡ ಕುಟುಂಬಗಳನ್ನು ತಲುಪುತ್ತಲೇ ಇಲ್ಲ ಎಂದು ಯೋಜನಾ ಆಯೋಗ 2005ರಲ್ಲಿ ಹೇಳಿತ್ತು. ಅಲ್ಲಿಂದ ಇಲ್ಲಿಗೆ ಬಂದ ದೂರ ಸಣ್ಣದಲ್ಲ. 2012ರಿಂದ ಕೇಂದ್ರದ ನೆರವಿನಲ್ಲಿ ಪಡಿತರ ಚೀಟಿಗಳೂ ಸರಬರಾಜಿನ ಲೆಕ್ಕಗಳೂ ಗಣಕಯಂತ್ರಕ್ಕೆ ಏರಿದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ಅಂಗಡಿಯ ಬಾಗಿಲಿಗೇ ಮುಟ್ಟಿಸುವ ಹೊಣೆಯನ್ನು ರಾಜ್ಯದ ಮೇಲೆ ಹಾಕಿತು. ಅದೇ ವರ್ಷ ಜುಲೈನಲ್ಲಿ ರಾಜ್ಯದ ಅನ್ನಭಾಗ್ಯ ಯೋಜನೆ ಆರಂಭವಾಯಿತು. 1973ರಲ್ಲಿ ಹುಟ್ಟಿದ ಕರ್ನಾಟಕ ಆಹಾರ ಮತ್ತು ನಾಗರಿಕ ಸರಬರಾಜು ನಿಗಮವೂ, ಕೆಲವು ತಾಲ್ಲೂಕುಗಳಲ್ಲಿ ಸಗಟು ವಹಿವಾಟು ನೋಡಿಕೊಳ್ಳುವ ತಾಲ್ಲೂಕು ಕೃಷಿ ಉತ್ಪನ್ನ ಸಹಕಾರ ಮಾರಾಟ ಸಂಘಗಳೂ (ಟಿಎಪಿಸಿಎಂಎಸ್) ತಿಂಗಳು ತಪ್ಪದೆ ಧಾನ್ಯವನ್ನು ಹಳ್ಳಿಹಳ್ಳಿಗೆ ಸಾಗಿಸುತ್ತಿವೆ. ಇದು ಯಾವ ಖಾಸಗಿ ಮಾರಾಟ ಜಾಲಕ್ಕೂ ಸುಲಭದ ಕೆಲಸವಲ್ಲ. ಲಾಭವಿಲ್ಲದ ತಾಂಡಾಕ್ಕೆ ಯಾವ ಕಂಪನಿಯೂ ಲಾರಿ ಕಳಿಸುವುದಿಲ್ಲ. ಪಡಿತರದ ಲಾರಿ ಅಲ್ಲಿಗೂ ಹೋಗುತ್ತದೆ.

ಇಷ್ಟು ಸಾಧಿಸಿದ ವ್ಯವಸ್ಥೆ ಗೋದಾಮಿನೊಳಗೆ ಏಕೆ ಸೋಲುತ್ತದೆ? ಒಳ್ಳೆಯ ಗೋದಾಮು ಹೇಗಿರಬೇಕೆಂಬುದು ಗುಟ್ಟೇನಲ್ಲ. ಚೀಲಗಳು ನೆಲಕ್ಕೆ ತಾಗದಂತೆ ಕೆಳಗೆ ಮರದ ಚೌಕಟ್ಟು ಇರಬೇಕು. ಗೋಡೆಗೂ ಅಟ್ಟಿಗೂ ನಡುವೆ ಎರಡು ಅಡಿಯಾದರೂ ಜಾಗ ಬೇಕು. ಒಂದೊಂದು ಅಟ್ಟಿಗೂ ಯಾವ ದಿನ ಬಂದದ್ದು, ಎಷ್ಟು ಬಂದದ್ದು, ಎಷ್ಟು ಹೋಯಿತು ಎಂದು ಬರೆದ ಚೀಟಿ ತೂಗುತ್ತಿರಬೇಕು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ಕೈಪಿಡಿಗಳಲ್ಲಿ ಇದೆಲ್ಲ ಇದೆ. ಆದರೆ ಅಟ್ಟಿಗಳ ನಡುವಿನ ದಾರಿಯಲ್ಲೂ ಚೀಲ ಪೇರಿಸಬೇಕಾದ ಸ್ಥಿತಿ ಬಂದಾಗ ಈ ಕೊನೆಯ ನಿಯಮವೇ ಮೊದಲು ಮುರಿಯುತ್ತದೆ. ಬಾಗಿಲ ಬಳಿ ಇಳಿದದ್ದೇ ಬಾಗಿಲಿಂದ ಹೊರಡುತ್ತದೆ, ಹಿಂಬದಿಯ ಗೋಡೆಗೆ ಒರಗಿದ ಅಟ್ಟಿ ಹಾಗೇ ಉಳಿಯುತ್ತದೆ. ತಿಂಗಳುಗಳ ನಂತರ ಅದನ್ನು ಬಿಚ್ಚಿದಾಗ ನುಸಿ ಕಾಣುತ್ತದೆ, ಮೂತಿಹುಳು ಕಾಣುತ್ತದೆ. ಆ ಚೀಲ ತಲುಪಿದ ಹಳ್ಳಿಯ ಹೆಣ್ಣುಮಗಳು ಅಕ್ಕಿಯನ್ನು ಬಿಸಿಲಿಗೆ ಹರವಿ, ಮೊರದಲ್ಲಿ ಕೇರಿ, ಹುಳು ಆರಿಸುತ್ತಾಳೆ. ಗೋದಾಮು ಮಾಡಬೇಕಿದ್ದ ಕೆಲಸ ಕೂಲಿಯಿಲ್ಲದೆ ಅವಳ ಅಂಗಳದಲ್ಲಿ ನಡೆಯುತ್ತದೆ, ಯಾವ ವರದಿಗೂ ಅದು ಸೇರುವುದಿಲ್ಲ.

ಹುಳು ಕೊಲ್ಲುವ ಉಪಾಯವೂ ಇದೆ. ಅಟ್ಟಿಯನ್ನು ದಪ್ಪ ಹೊದಿಕೆಯಿಂದ ಮುಚ್ಚಿ, ಅಂಚಿಗೆ ಮರಳುಚೀಲ ಒತ್ತಿ, ಒಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದರಿಂದ ಹೊಮ್ಮುವ ವಿಷಾನಿಲ ಕಾಳಿನೊಳಗಿನ ಮೊಟ್ಟೆಯವರೆಗೂ ಇಳಿಯಬೇಕಾದರೆ ಐದರಿಂದ ಏಳು ದಿನ ಅಟ್ಟಿಯನ್ನು ಮುಟ್ಟಬಾರದು. ಗೋದಾಮಿಗೆ ಈ ಏಳು ದಿನ ಎಲ್ಲಿಂದ ಬರಬೇಕು? ತಿಂಗಳ ಹಂಚಿಕೆ ಆದೇಶ ಬಂದು, ಲಾರಿ ಬಂದು, ಇಳಿಸಿ, ಮತ್ತೆ ಏರಿಸಿ, ಅಂಗಡಿಗಳಿಗೆ ಕಳಿಸಿ, ಜನ ಪಡೆದು ಮುಗಿಸುವುದೆಲ್ಲ ಒಂದೇ ತಿಂಗಳಲ್ಲಿ ಆಗಬೇಕು. ಅಧಿಕಾರಿಗಳ ಸಭೆಯಲ್ಲಿ ಕೇಳುವ ಪ್ರಶ್ನೆ ಎತ್ತುವಳಿ ಎಷ್ಟು ಶೇಕಡಾ ಆಯಿತು ಎಂಬುದು. ಯಾವ ಅಟ್ಟಿ ಎಷ್ಟು ದಿನದಿಂದ ನಿಂತಿದೆ ಎಂದು ಅಷ್ಟೇ ಒತ್ತಾಯದಿಂದ ಕೇಳುವವರಿಲ್ಲ. ಕೇಳುವ ಪ್ರಶ್ನೆಗೆ ತಕ್ಕಂತೆ ಕೆಲಸ ನಡೆಯುತ್ತದೆ. ಮೇಲಾಗಿ, ಇತ್ತೀಚಿನ ವರ್ಷಗಳಲ್ಲಿ ಪಡಿತರಕ್ಕೆ ಬಂದದ್ದು ಸಾರವರ್ಧಿತ ಅಕ್ಕಿ. ನೂರಕ್ಕೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ತಯಾರಿಸಿದ ಕಾಳು ಅದರಲ್ಲಿರುತ್ತದೆ. ಬಿಸಿಯಲ್ಲಿ, ತೇವದಲ್ಲಿ ಬಹುಕಾಲ ನಿಂತರೆ ಆ ಸಾರವೂ ಕುಂದುತ್ತದೆ. ಹಳೆಯ ಅಟ್ಟಿ ಮೊದಲು ಹೊರಡಬೇಕೆಂಬ ನಿಯಮಕ್ಕೆ ಇದರಿಂದಲೂ ಬೆಲೆ ಹೆಚ್ಚಿದೆ.

ಗೋದಾಮಿನ ಮೇಲೆ ಇನ್ನೊಂದು ಹೊರೆ ಬೀಳುವುದು ಬೆಂಗಳೂರಿನ ತೀರ್ಮಾನಗಳಿಂದ. 2023ರಲ್ಲಿ ಆಹಾರ ನಿಗಮ ರಾಜ್ಯಗಳಿಗೆ ಹೆಚ್ಚುವರಿ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ರಾಜ್ಯ ಕೊಡಬೇಕಿದ್ದ ಐದು ಕೆ.ಜಿ. ಹೆಚ್ಚುವರಿ ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಲಾಯಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಮಾರ್ಚ್‌ನಲ್ಲಿ ಹಿಂದಿನ ತಿಂಗಳ ಬಾಕಿಯೂ ಸೇರಿ ತಲೆಗೆ ಹದಿನೈದು ಕೆ.ಜಿ. ಆಯಿತು. ಹಸಿದವರಿಗೆ ಹಣಕ್ಕಿಂತ ಅಕ್ಕಿ ಒಳ್ಳೆಯದೆಂದೇ ನಾನೂ ನಂಬುತ್ತೇನೆ. ಆದರೆ ಈ ತೀರ್ಮಾನ ಗೋದಾಮಿನಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದು ಅಂಗಡಿಗೆ 500 ಕಾರ್ಡು, ಕಾರ್ಡಿಗೆ ನಾಲ್ಕು ಜನ ಎಂದಿಟ್ಟುಕೊಂಡರೆ ತಲೆಗೆ ಐದು ಕೆ.ಜಿ.ಯಂತೆ ತಿಂಗಳಿಗೆ 100 ಕ್ವಿಂಟಲ್, ಅಂದರೆ ಐವತ್ತು ಕೆ.ಜಿ.ಯ 200 ಚೀಲ. ಹತ್ತು ಕೆ.ಜಿ. ಆದರೆ 400, ಹದಿನೈದಾದರೆ 600. ಅಂಗಡಿಯ ಕೋಣೆ ಬೆಳೆಯಲಿಲ್ಲ, ಗೋದಾಮಿನ ಚಾವಣಿ ಎತ್ತರವಾಗಲಿಲ್ಲ, ಲಾರಿ ಹೆಚ್ಚಲಿಲ್ಲ. ಧಾನ್ಯದ ಪ್ರಮಾಣ ಬದಲಿಸುವ ಆದೇಶದ ಜೊತೆಗೇ ಅದನ್ನು ಇಡುವ ಜಾಗದ ಆದೇಶವೂ ಹೊರಡಬೇಕಿತ್ತು.

ಈಗ ತೂಕದ ವಿಷಯ. ನ್ಯಾಯಬೆಲೆ ಅಂಗಡಿಯವರ ಹಳೆಯ ದೂರು ಇದು: ಗೋದಾಮಿನಿಂದ ಬರುವ ಚೀಲ ತೂಕಕ್ಕೆ ನಿಲ್ಲುವುದಿಲ್ಲ. ಈ ದೂರನ್ನು ಕಳ್ಳನ ಸಬೂಬು ಎಂದು ತಳ್ಳಿಹಾಕುವುದು ಸುಲಭ, ಆದರೆ ಗಣಿತ ಅವರ ಪರವಾಗಿದೆ. ಐವತ್ತು ಕೆ.ಜಿ. ಹಿಡಿಯುವ ಹೊಸ ಸೆಣಬಿನ ಚೀಲವೇ ಸುಮಾರು 580 ಗ್ರಾಂ ತೂಗುತ್ತದೆ. ಚೀಲ ಸಮೇತ ಐವತ್ತು ಎಂದು ಕೊಟ್ಟರೆ 200 ಚೀಲಕ್ಕೆ 116 ಕೆ.ಜಿ. ಅಕ್ಕಿ ಕಾಗದದಲ್ಲಷ್ಟೇ ಇರುತ್ತದೆ. ಇಪ್ಪತ್ತಮೂರು ಜನರ ತಿಂಗಳ ಐದೈದು ಕೆ.ಜಿ. ಅದು. ಹಮಾಲರ ಕೊಕ್ಕೆಯಿಂದ ಹರಿದ ಚೀಲದ ಸೋರಿಕೆ, ಬೇಸಿಗೆಯಲ್ಲಿ ತೇವ ಆರಿ ಇಳಿದ ತೂಕ ಇದಕ್ಕೆ ಸೇರುತ್ತದೆ. ಕಡಿಮೆ ಬಂದ ಅಕ್ಕಿಯನ್ನು ಅಂಗಡಿಯವರು ಎಲ್ಲಿಂದ ತುಂಬಿಸಿಕೊಳ್ಳುತ್ತಾರೆ? ಸಾಲಿನಲ್ಲಿ ನಿಂತವರ ಚೀಲದಿಂದ, ಅರ್ಧ ಕೆ.ಜಿ., ಕಾಲು ಕೆ.ಜಿ.ಯಂತೆ. ಬೆರಳಚ್ಚಿನ ಯಂತ್ರದಲ್ಲಿ ಪೂರ್ತಿ ಕೊಟ್ಟಂತೆ ದಾಖಲಾಗುತ್ತದೆ. ನ್ಯಾಯವಾಗಿ ಕೊಡಲು ಬಯಸುವ ಅಂಗಡಿಯವನನ್ನೂ ಈ ಪದ್ಧತಿ ತಪ್ಪಿಗೆ ನೂಕುತ್ತದೆ, ತಪ್ಪು ಮಾಡಲೆಂದೇ ಕೂತವನಿಗೆ ಸಿದ್ಧ ನೆಪ ಒದಗಿಸುತ್ತದೆ. ಚೀಲದ ತೂಕ ಕಳೆದು, ಅಂಗಡಿಯ ಬಾಗಿಲಲ್ಲಿ, ಊರಿನ ನಾಲ್ಕು ಜನರ ಎದುರು ಅಕ್ಕಿ ತೂಗಿಕೊಡುವುದಕ್ಕೆ ಬೇಕಿರುವುದು ಒಂದು ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಅರ್ಧ ದಿನ.

ದಾಸ್ತಾನನ್ನು ಪುಸ್ತಕದಲ್ಲೇ ನಂಬುವುದರ ಅಪಾಯ ಎಷ್ಟು ದೊಡ್ಡದೆಂಬುದನ್ನು ಶಹಾಪುರ ತೋರಿಸಿತು. 2023ರ ನವೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯ ಆ ತಾಲ್ಲೂಕಿನ ಟಿಎಪಿಸಿಎಂಎಸ್ ಗೋದಾಮಿನಲ್ಲಿ ಆರು ಸಾವಿರ ಕ್ವಿಂಟಲ್‌ಗೂ ಹೆಚ್ಚು ಅನ್ನಭಾಗ್ಯದ ಅಕ್ಕಿ ಇಲ್ಲದಿರುವುದು ಬಯಲಾಯಿತು. ಹನ್ನೆರಡು ಸಾವಿರ ಚೀಲಗಳು. ಇಪ್ಪತ್ತು ಟನ್ನಿನ ಲಾರಿಗೆ 400 ಚೀಲದಂತೆ ಮೂವತ್ತು ಲಾರಿ ಲೋಡು. ಯಾರು ಒಯ್ದರೆಂಬುದು ಪೊಲೀಸರು, ನ್ಯಾಯಾಲಯ ತೀರ್ಮಾನಿಸುವ ಮಾತು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮೂವತ್ತು ಲಾರಿಯ ಅಕ್ಕಿ ಇರಬೇಕಾದ ಜಾಗ ಬರಿದಾಗಿದ್ದರೆ ಅದು ಬಾಗಿಲಲ್ಲಿ ನಿಂತವರ ಕಣ್ಣಿಗೇ ಬೀಳಬೇಕು. ಅಟ್ಟಿ ಎಣಿಸಲು ಗಣಕಯಂತ್ರ ಬೇಡ: ಉದ್ದಕ್ಕೆ ಎಷ್ಟು ಚೀಲ, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಸಾಲು ಎಂದು ಗುಣಿಸಿದರೆ ಸಾಕು. ಇಷ್ಟು ಕೊರತೆ ಬೆಳೆಯುವವರೆಗೆ ತಿಳಿಯದೆ ಹೋದದ್ದರ ಕಾರಣ ಒಂದೇ ಇರಲು ಸಾಧ್ಯ. ಅಂತಿಮ ಶಿಲ್ಕನ್ನು ಪುಸ್ತಕದಿಂದ ಎತ್ತಿ ಬರೆಯುತ್ತಿದ್ದರು, ಅಟ್ಟಿಯಿಂದ ಅಲ್ಲ. ಎಣಿಸುವುದಕ್ಕೆ ಅನುವಾಗದಂತೆ ಒತ್ತೊತ್ತಾಗಿ ಪೇರಿಸಿದ ಗೋದಾಮು ಹುಳುವಿಗೆ ಎಷ್ಟು ಅನುಕೂಲವೋ ಕಳ್ಳತನಕ್ಕೂ ಅಷ್ಟೇ ಅನುಕೂಲ.

ಶಿಲ್ಕಿನ ಲೆಕ್ಕಕ್ಕೆ ಈಗ ಹೊಸ ತೊಡಕೊಂದು ಸೇರಿದೆ. ಪಡಿತರವನ್ನು ಯಾವ ಅಂಗಡಿಯಲ್ಲಾದರೂ ಪಡೆಯುವ ಸೌಲಭ್ಯದಲ್ಲಿ 2020ರ ಜನವರಿಯಿಂದ ಕರ್ನಾಟಕವೂ ಇದೆ. ದುಡಿಯಲು ಊರು ಬಿಡುವವರ ಪಾಲಿಗೆ ಇದು ದೊಡ್ಡ ವರ. ಹೊನ್ನಾಳಿ, ನ್ಯಾಮತಿ ಸೀಮೆಯ ತಾಂಡಾಗಳಿಂದ ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುವ ಕುಟುಂಬಗಳು ಅಲ್ಲೇ ಅಕ್ಕಿ ಪಡೆಯಬಹುದು. ಆದರೆ ಆ ತಿಂಗಳುಗಳಲ್ಲಿ ತಾಂಡಾದ ಅಂಗಡಿಯಲ್ಲಿ ಅಕ್ಕಿ ಉಳಿಯುತ್ತದೆ, ಚಿಕ್ಕಮಗಳೂರಿನ ತೋಟದ ಪಕ್ಕದ ಅಂಗಡಿಯಲ್ಲಿ ಸಾಲದೆ ಬರುತ್ತದೆ. ಹಂಚಿಕೆ ಮಾತ್ರ ಅಂಗಡಿಗೆ ಸೇರಿದ ಕಾರ್ಡುಗಳನ್ನು ಲೆಕ್ಕಹಾಕಿ, ಹಿಂದಿನ ಶಿಲ್ಕು ಕಳೆದು ಬರುತ್ತದೆ. ವಲಸೆಯ ಕಾಲ ವರ್ಷವರ್ಷವೂ ಬಂದೇ ಬರುತ್ತದೆ. ಹೊನ್ನಾಳಿ ಪೇಟೆಯ ಕಿರಾಣಿ ವ್ಯಾಪಾರಿ ದೀಪಾವಳಿಗೆ ಎಷ್ಟು ಬೆಲ್ಲ ತರಿಸಬೇಕೆಂದು ಹೋದ ವರ್ಷದ ಚೀಟಿ ನೋಡಿ ಮೊದಲೇ ನಿರ್ಧರಿಸುತ್ತಾನೆ. ಬೆರಳಚ್ಚಿನ ಯಂತ್ರಗಳು ಕೂಡಿಹಾಕಿದ ವರ್ಷಗಳ ಮಾಹಿತಿ ಇಲಾಖೆಯ ಬಳಿಯೇ ಇದೆ. ಅದನ್ನು ಕಳ್ಳರನ್ನು ಹಿಡಿಯಲು ಬಳಸಿದಷ್ಟು, ಯಾವ ಊರಿಗೆ ಯಾವ ತಿಂಗಳು ಎಷ್ಟು ಬೇಕೆಂದು ತಿಳಿಯಲು ಬಳಸಿಲ್ಲ.

ಈ ಎಲ್ಲ ತೂಕ ಕೊನೆಗೆ ಬೀಳುವುದು ಹಮಾಲರ ಬೆನ್ನಿನ ಮೇಲೆ. ಒಬ್ಬ ಗಂಡಾಳು ಎತ್ತಬಹುದಾದ ಹೊರೆಗೆ 55 ಕೆ.ಜಿ. ಮಿತಿಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ನೂರು ಕೆ.ಜಿ.ಯ ಚೀಲಗಳು ಹೋಗಿ ಐವತ್ತರದ್ದು ಬಂದದ್ದು ಒಳ್ಳೆಯದಾಯಿತು. ಆದರೂ ಅಟ್ಟಿಯನ್ನು ಸೊಟ್ಟವಾಗದಂತೆ ಕಟ್ಟುವುದು, ಹಳೆಯದನ್ನು ಮುಂದೆ ಎಳೆದು ಹೊಸದನ್ನು ಹಿಂದೆ ಇಡುವುದು, ಹರಿದ ಚೀಲವನ್ನು ಹೊಲಿದು ತೂಗುವುದು ಇವೆಲ್ಲ ಕೌಶಲದ ಕೆಲಸ, ಸಮಯದ ಕೆಲಸ. ಚೀಲಕ್ಕಿಷ್ಟು ಎಂದು ಏರಿಸುವ, ಇಳಿಸುವ ಲೆಕ್ಕದಲ್ಲೇ ಕೂಲಿ ಸಿಗುವಾಗ ಅಟ್ಟಿಯನ್ನು ಮರುಜೋಡಿಸುವ ದುಡಿಮೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಬೆಲೆ ಕೊಡದ ಕೆಲಸ ನಡೆಯಲಿಲ್ಲ ಎಂದು ಅವರನ್ನು ದೂರುವುದು ಅನ್ಯಾಯ. ಸಾಗಣೆಯದೂ ಇದೇ ಕಥೆ: 2025ರ ಜುಲೈನಲ್ಲಿ ಬಾಕಿ ಬಾಡಿಗೆಗಾಗಿ ಲಾರಿ ಮಾಲೀಕರು ಅನ್ನಭಾಗ್ಯದ ಸಾಗಣೆ ನಿಲ್ಲಿಸಿದರು. ಅಕ್ಕಿಗೆ ಹಣ ಹೊಂದಿಸುವ ಸರ್ಕಾರ ಅದನ್ನು ಹೊರುವವರ ಹಣವನ್ನು ತಡಮಾಡಿದರೆ ತಿಂಗಳ ಗಡಿಯಾರ ಇನ್ನಷ್ಟು ಬಿಗಿಯಾಗುತ್ತದೆ, ಕೊನೆಯ ವಾರದ ಧಾವಂತ ಹೆಚ್ಚುತ್ತದೆ, ತೂಕವೂ ಎಣಿಕೆಯೂ ಆ ಧಾವಂತದಲ್ಲಿ ಕಳೆದುಹೋಗುತ್ತವೆ.

ಹೊನ್ನಾಳಿಯಂಥ ಊರಿಗೆ ಮಳೆಗಾಲವೂ ಗೋದಾಮಿನ ಲೆಕ್ಕದೊಳಗೇ ಬರಬೇಕು. ತುಂಗಾ, ಭದ್ರಾ ಎರಡೂ ಜಲಾಶಯಗಳಿಂದ ಒಟ್ಟಿಗೆ ನೀರು ಬಿಟ್ಟಾಗ ಬಾಲರಾಜ ಘಾಟಿನ ಮನೆಗಳಿಗೆ ಹೊಳೆ ನುಗ್ಗುತ್ತದೆ, ನದಿಯಂಚಿನ ಹಳ್ಳಿಗಳ ದಾರಿ ಕಟ್ಟುತ್ತದೆ. 2025ರ ಮಳೆಗಾಲಕ್ಕೆ ಮೊದಲು ಆಗಸ್ಟ್‌ವರೆಗಿನ ಧಾನ್ಯವನ್ನು ಮುಂಗಡವಾಗಿ ಎತ್ತಿ ಹಂಚುವಂತೆ ಕೇಂದ್ರ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು. ಯೋಚನೆ ಸರಿಯಾದದ್ದು. ಆದರೆ ದೇಶಕ್ಕೆಲ್ಲ ಒಂದೇ ಆದೇಶವಾದಾಗ ಮೂರು ತಿಂಗಳ ಹೊರೆ ಎಲ್ಲ ಗೋದಾಮುಗಳ ಮೇಲೂ ಏಕಕಾಲಕ್ಕೆ ಬೀಳುತ್ತದೆ. ಮಳೆ ಕಡಿಮೆಯಿರುವ ಜಗಳೂರಿನ ಅಂಗಡಿಗೂ ಹೊಳೆಯಂಚಿನ ಅಂಗಡಿಗೂ ಒಂದೇ ದಿನಾಂಕ ಬೇಕಿಲ್ಲ. ಪ್ರವಾಹದಲ್ಲಿ ದಾರಿ ಕಟ್ಟುವ ಊರುಗಳಿಗೆ ಮೇ ತಿಂಗಳಲ್ಲೇ ಮುಂಗಡ, ಉಳಿದವಕ್ಕೆ ದಿನ ಗೊತ್ತುಮಾಡಿ ಸರದಿಯಂತೆ ಸಾಗಣೆ ಎಂದು ಜಿಲ್ಲೆಯೇ ತೀರ್ಮಾನಿಸಿದರೆ ಗೋದಾಮಿನಲ್ಲಿ ಅಟ್ಟಿಗಳ ನಡುವಿನ ದಾರಿ ತೆರೆದಿರುತ್ತದೆ, ಗುಳಿಗೆ ಇಟ್ಟು ಏಳು ದಿನ ಮುಚ್ಚಲು ಬಿಡುವು ಸಿಗುತ್ತದೆ, ತೂಗಲು ಪುರುಸೊತ್ತಾಗುತ್ತದೆ. ಇದಕ್ಕೆ ಹೊಸ ಕಾಯ್ದೆಯಾಗಲಿ ಹೊಸ ತಂತ್ರಾಂಶವಾಗಲಿ ಬೇಕಿಲ್ಲ. ತಹಶೀಲ್ದಾರರ ಮಾಸಿಕ ಸಭೆಯಲ್ಲಿ ಎತ್ತುವಳಿಯ ಶೇಕಡಾವಾರು ಕೇಳಿದ ಮೇಲೆ, ಅತಿ ಹಳೆಯ ಅಟ್ಟಿಯ ವಯಸ್ಸೆಷ್ಟು, ಕಳೆದ ತಿಂಗಳು ಅದನ್ನು ಎಣಿಸಿದವರು ಯಾರು, ಅಂಗಡಿಯ ಬಾಗಿಲಲ್ಲಿ ತೂಗಿದ ಚೀಲ ಎಷ್ಟು ಎಂಬ ಮೂರು ಉತ್ತರಗಳನ್ನೂ ಬರೆಸಿಕೊಳ್ಳಲಿ. ಆ ಹಾಳೆಯನ್ನು ಪ್ರತಿ ನ್ಯಾಯಬೆಲೆ ಅಂಗಡಿಯ ಮುಂದೆಯೂ ಅಂಟಿಸಲಿ.