ಒಂದೇ ಮೆರವಣಿಗೆಯಲ್ಲಿ ಇಬ್ಬರು

ಜರ್ಮನಿಯ ರಾಬರ್ಟ್ ಶೂಮನ್ 1834-35ರಲ್ಲಿ ಪಿಯಾನೋಗೆಂದು ರಚಿಸಿದ ‘ಕಾರ್ನವಾಲ್’ ಒಂದು ವೇಷಗಾರರ ಮೆರವಣಿಗೆ. ಇಪ್ಪತ್ತರಷ್ಟು ಪುಟ್ಟ ತುಣುಕುಗಳು. ಮಾತಿಲ್ಲ, ಹಾಡಿಲ್ಲ, ಆದರೂ ಒಬ್ಬೊಬ್ಬರೂ ಎದುರಿಗೇ ಬಂದು ನಿಲ್ಲುತ್ತಾರೆ. ಹಾರಿ ಕುಣಿಯುವ ಹಾರ್ಲೆಕಿನ್, ಮಂಕು ಹೆಜ್ಜೆಯ ಪಿಯೆರೋ, ಕನಸುಗಣ್ಣಿನ ಯೂಸೀಬಿಯಸ್, ದುಡುಕಿನ ಫ್ಲಾರೆಸ್ಟಾನ್. ಕೊನೆಯವರಿಬ್ಬರೂ ಶೂಮನ್ನನೇ! ತನ್ನನ್ನೇ ಎರಡಾಗಿ ಸೀಳಿಕೊಂಡು ಆಡುವ ಈ ತುಂಟತನ ನನಗೆ ಬಲು ಇಷ್ಟ.

ಹೆಣ್ಣುಗಳ ವಿಷಯಕ್ಕೆ ಬಂದಾಗ ಮಾತ್ರ ಆಟ ಅಷ್ಟು ಹಗುರವಲ್ಲ. ಎಸ್ಟ್ರೆಲ್ಲಾ ಎಂದರೆ ಆಗ ಅವನೊಡನೆ ಮದುವೆ ನಿಶ್ಚಯವಾಗಿದ್ದ ಎರ್ನೆಸ್ಟೀನ್. ಅವಳ ಊರು ಆಶ್. ಆ ಹೆಸರಿನ ಅಕ್ಷರಗಳನ್ನೇ ಸ್ವರಗಳಾಗಿಸಿ ಕೃತಿಯನ್ನು ಹೆಣೆದಿದ್ದಾನೆ. ಕಿಯಾರೀನಾ ಎಂದರೆ ಗುರುವಿನ ಮಗಳು, ಹದಿಹರೆಯದ ಕ್ಲಾರಾ. ಇಬ್ಬರ ನಡುವೆ ಪಾಪ, ಶೋಪಾನನನ್ನು ನಿಲ್ಲಿಸಿದ್ದಾನೆ! ನುಡಿಸುವವರಿಗೆ ಅವನಿತ್ತ ಸೂಚನೆ ನೋಡಿ: ನಿಶ್ಚಿತ ವಧುವಿಗೆ ‘ಅಕ್ಕರೆಯಿಂದ’, ಹುಡುಗಿಗೆ ‘ಆವೇಶದಿಂದ’. ಎರ್ನೆಸ್ಟೀನ್ ಇದನ್ನು ಗಮನಿಸಿದ್ದರೆ ಸಾಕಿತ್ತು, ಅಲ್ಲವೇ? ಆ ಸಂಬಂಧ ಮುಂದೆ ಮುರಿಯಿತು.

1840ರಲ್ಲಿ ಅವನನ್ನು ಮದುವೆಯಾದವಳು ಕ್ಲಾರಾ. 1856ರಲ್ಲಿ ಅವನು ತೀರಿಕೊಂಡ ಮೇಲೆ ಕಛೇರಿ ನಡೆಸಿಯೇ ಮಕ್ಕಳನ್ನು ಸಾಕಿದಳು. ವೇದಿಕೆಯ ಮೇಲೆ ‘ಕಾರ್ನವಾಲ್’ ಅನ್ನೂ ನುಡಿಸಿದಳು. ಗಂಡಸೊಬ್ಬ ಎಂದೋ ಬಿಡಿಸಿದ ಹುಡುಗಿಯ ಚಿತ್ರ ಅದು. ಆವೇಶ ಎಷ್ಟಿರಬೇಕು, ಎಲ್ಲಿ ತಡೆಯಬೇಕು ಎಂಬುದು ಈಗ ಅವಳ ಬೆರಳುಗಳಿಗೇ ಬಿಟ್ಟದ್ದು.