ಏಕಮಾನ ಮರೆತ ವಿವರಣೆಗಳು

ಪ್ರಯೋಗ ಪುಸ್ತಕದಲ್ಲಿ ವಿದ್ಯಾರ್ಥಿಯೊಬ್ಬ ‘ಉದ್ದ = 12’ ಎಂದಷ್ಟೇ ಬರೆದರೆ ಅಧ್ಯಾಪಕರು ಅಂಕ ಕಳೆಯುತ್ತಾರೆ. ಸೆಂಟಿಮೀಟರೋ ಮಿಲಿಮೀಟರೋ ತಿಳಿಯದ ಸಂಖ್ಯೆ ಅಳತೆಯೇ ಅಲ್ಲ. ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗಾಗಿ ಇಂದು ಬರೆಯಲಾಗುತ್ತಿರುವ ಅನೇಕ ಸಾಧನ ವಿವರಣೆಗಳು ಇದೇ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ.

ಏನಿದು ಸಾಧನ ವಿವರಣೆ?

ಪ್ರೋಗ್ರಾಮ್ ಬರೆಯುವ ಏಜೆಂಟಿನ ಒಳಗಿರುವುದು ಒಂದು ಭಾಷಾ ಮಾದರಿ. ಅದು ತಾನಾಗಿ ಕಡತ ತೆರೆಯಲಾರದು, ದತ್ತಾಂಶ ತರಲಾರದು, ಬರೆದ ಪ್ರೋಗ್ರಾಮನ್ನು ಪರೀಕ್ಷಿಸಲಾರದು. ಈ ಕೆಲಸಗಳಿಗೆ ನಾವು ಟೂಲ್‌ಗಳನ್ನು, ಅಂದರೆ ಸಾಧನಗಳನ್ನು, ಒದಗಿಸುತ್ತೇವೆ. ಸಾಧನದೊಳಗಿನ ಪ್ರೋಗ್ರಾಮ್ ಸಾಮಾನ್ಯವಾಗಿ ಮಾದರಿಗೆ ಕಾಣುವುದಿಲ್ಲ. ಕಾಣುವುದು ಮೂರೇ: ಸಾಧನದ ಹೆಸರು, ಕೆಲವು ವಾಕ್ಯಗಳ ವಿವರಣೆ ಮತ್ತು ಅದಕ್ಕೆ ಒದಗಿಸಬೇಕಾದ ಮಾಹಿತಿಯ ನಮೂನೆ. ಯಾವ ಸಾಧನವನ್ನು ಯಾವಾಗ ಕರೆಯಬೇಕು, ಬಂದ ಉತ್ತರವನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ಅದು ಇವುಗಳನ್ನು ಓದಿಯೇ ನಿರ್ಧರಿಸುತ್ತದೆ.

ಆಂತ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಇಂತಹ ಸಾಧನಗಳನ್ನು ಜೋಡಿಸಲು ಬಳಕೆಯಲ್ಲಿರುವ ಪ್ರಮುಖ ಮಾನಕ. ಅದರಲ್ಲಿ ಹೆಸರು ಮತ್ತು ಮಾಹಿತಿಯ ನಮೂನೆ ಕಡ್ಡಾಯ; ವಿವರಣೆ ಮಾತ್ರ ಐಚ್ಛಿಕ. ನಮ್ಮ ಆಕ್ಷೇಪ ಇಲ್ಲಿಂದಲೇ ಆರಂಭವಾಗಬೇಕು. ‘ಇಲ್ಲಿ ಸಂಖ್ಯೆ ಬರಬೇಕು’ ಎಂದಷ್ಟೇ ನಮೂನೆ ಖಚಿತವಾಗಿ ಹೇಳಬಲ್ಲದು. ಆ ಸಂಖ್ಯೆಯ ಅರ್ಥ ತಿಳಿಸುವ ಹೊಣೆ ವಾಕ್ಯಗಳದು.

ಮೂರು ತಾಲ್ಲೂಕು, ಮೂರು ತೊಡಕು

ವಿದ್ಯಾರ್ಥಿಯೊಬ್ಬ ನಮ್ಮ ತಾಲ್ಲೂಕುಗಳ ದತ್ತಾಂಶ ತಂದುಕೊಡುವ ಕೆಲವು ಸಾಧನಗಳನ್ನು ರಚಿಸಿದನೆಂದುಕೊಳ್ಳೋಣ. ಮೊದಲನೆಯದರ ವಿವರಣೆ: ‘ಜಮೀನಿನ ವಿಸ್ತೀರ್ಣ ಕೊಡುತ್ತದೆ.’ ಉತ್ತರ 1.20 ಎಂದು ಬರುತ್ತದೆ. ಬೆಳ್ತಂಗಡಿಯಲ್ಲಿ ಇದು 1 ಎಕರೆ 20 ಸೆಂಟ್ಸ್. ಎಕರೆಗೆ 100 ಸೆಂಟ್ಸ್ ಆದ್ದರಿಂದ 1.2 ಎಕರೆ. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ತಾಲ್ಲೂಕಿಗೆ ಹೋದರೆ ಅಳತೆ ಗುಂಟೆಯಲ್ಲಿ. ಎಕರೆಗೆ 40 ಗುಂಟೆ. 1 ಎಕರೆ 20 ಗುಂಟೆ ಎಂದರೆ 1.5 ಎಕರೆ. ಅದೇ ಅಂಕಿ, ಆದರೆ ಕಾಲುಭಾಗ ಹೆಚ್ಚು ಭೂಮಿ. ತೋಟಕ್ಕೆ ಬೇಕಾದ ಗೊಬ್ಬರದ ಲೆಕ್ಕ ಹಾಕುವ ಪ್ರೋಗ್ರಾಮನ್ನು ಏಜೆಂಟು ಬರೆದರೆ ಅದು ಯಾವ ದೋಷಸೂಚನೆಯೂ ಇಲ್ಲದೆ ಓಡುತ್ತದೆ, ತಪ್ಪು ಉತ್ತರ ಕೊಡುತ್ತದೆ.

ಎರಡನೆಯದು: ‘ತಾಲ್ಲೂಕಿನ ಜನಸಂಖ್ಯೆ ಕೊಡುತ್ತದೆ.’ ಮೂಡುಬಿದಿರೆ ಈಗ ಪ್ರತ್ಯೇಕ ತಾಲ್ಲೂಕು. ಆದರೆ 2011ರ ಜನಗಣತಿಯಲ್ಲಿ ಅದು ಮಂಗಳೂರು ತಾಲ್ಲೂಕಿನೊಳಗಿತ್ತು. ಸಾಧನವು ಆ ಜನಗಣತಿಯನ್ನು ಆಧರಿಸಿದ್ದರೆ ಮೂಡುಬಿದಿರೆಗೆ ಸಾಲೇ ಸಿಗದು. ಖಾಲಿ ಉತ್ತರವನ್ನು ಏಜೆಂಟು ಸೊನ್ನೆ ಎಂದು ತಿಳಿಯಬಹುದು, ಅಥವಾ ಕಾಗುಣಿತ ಬದಲಿಸಿ ಮೂಡಬಿದ್ರಿ, ಮೂಡಬಿದರೆ ಎಂದು ಮತ್ತೆ ಮತ್ತೆ ಕೇಳಬಹುದು. ಯಾವ ವರ್ಷದ ದತ್ತಾಂಶ, ಖಾಲಿ ಉತ್ತರದ ಅರ್ಥವೇನು ಎಂಬ ಎರಡು ವಾಕ್ಯಗಳಿದ್ದರೆ ಈ ಪರದಾಟವಿಲ್ಲ.

ಮೂರನೆಯದು ಬಂಟ್ವಾಳದ್ದು. ‘ನೇತ್ರಾವತಿಯ ನೀರಿನ ಮಟ್ಟ ಕೊಡುತ್ತದೆ’ ಎಂಬ ಒಂದೇ ವಿವರಣೆ ಎರಡು ಸಾಧನಗಳಿಗಿದೆ. ಒಂದು ಮಂಗಳೂರಿಗೆ ಕುಡಿಯುವ ನೀರು ಒದಗಿಸುವ ತುಂಬೆ ಕಿಂಡಿ ಅಣೆಕಟ್ಟಿನ ಸಂಗ್ರಹದ ಮಟ್ಟ. ಬೇಸಗೆಯಲ್ಲಿ ಜನ ಕೇಳುವುದು ಅದನ್ನು. ಇನ್ನೊಂದು ಬಂಟ್ವಾಳದಲ್ಲಿ ಹರಿಯುವ ನದಿಯ ಮಟ್ಟ. ಮಳೆಗಾಲದಲ್ಲಿ ನೆರೆಯ ಭಯವಿದ್ದಾಗ ಬೇಕಾದುದು ಇದು. ವ್ಯತ್ಯಾಸ ಹೇಳದಿದ್ದರೆ ಎರಡರ ನಡುವೆ ಆಯ್ಕೆ ಮಾಡಲು ಏಜೆಂಟಿಗೆ ಆಧಾರವೇ ಇಲ್ಲ.

ಜಾಣ ಮಾದರಿಯೂ ಊಹಿಸಲಾರದು

‘ಮಾದರಿಗಳು ದಿನೇ ದಿನೇ ಚುರುಕಾಗುತ್ತಿವೆ, ಅವೇ ಅರ್ಥಮಾಡಿಕೊಳ್ಳುತ್ತವೆ’ ಎಂಬ ವಾದವಿದೆ. ಕಡತ ತೆರೆಯುವಂತಹ ಎಲ್ಲೆಡೆ ಒಂದೇ ಆಗಿರುವ ಸಾಧನಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ 1.20ರಲ್ಲಿರುವುದು ಸೆಂಟ್ಸೋ ಗುಂಟೆಯೋ ಎಂಬುದು ಬುದ್ಧಿಯ ಪ್ರಶ್ನೆಯಲ್ಲ, ಮಾಹಿತಿಯ ಪ್ರಶ್ನೆ. 1999ರಲ್ಲಿ ಮಂಗಳ ಗ್ರಹವನ್ನು ತಲುಪಿದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾದುದು, ಒಂದು ತಂತ್ರಾಂಶ ಪೌಂಡ್-ಸೆಕೆಂಡ್‌ನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ತಿಳಿದುದರಿಂದ. ಅಲ್ಲಿ ಜಾಣರಿಗೇನೂ ಕೊರತೆಯಿರಲಿಲ್ಲ.

ಹಾಗೆಂದು ವಿವರಣೆಯನ್ನು ಉದ್ದವಾಗಿಸುವುದೂ ಪರಿಹಾರವಲ್ಲ. ಪ್ರತಿಯೊಂದು ವಾಕ್ಯವೂ ಮಾದರಿಯ ಓದಿನ ಮಿತಿಯಲ್ಲಿ ಜಾಗ ತಿನ್ನುತ್ತದೆ. ‘ಅತಿ ಮುಖ್ಯ, ಇದನ್ನೇ ಬಳಸಿ’ ಎಂದು ಎಲ್ಲ ಸಾಧನಗಳೂ ಕೂಗಿದರೆ ಯಾವುದೂ ಮುಖ್ಯವಾಗಿ ಉಳಿಯದು. ಸಾಧ್ಯವಿದ್ದಲ್ಲಿ ಸಾಧನದ ರಚನೆಯನ್ನೇ ತಿದ್ದುವುದು ಮೇಲು. ಪ್ರೋಗ್ರಾಮ್ ಬರೆಯುವ ತನ್ನ ಏಜೆಂಟು ಬೇರೆ ಕಡತಕೋಶಕ್ಕೆ ಹೋದ ಬಳಿಕ ಕಡತಗಳ ಸಾಪೇಕ್ಷ ವಿಳಾಸದಲ್ಲಿ ಎಡವುತ್ತಿದ್ದುದನ್ನು ಕಂಡ ಆಂತ್ರೊಪಿಕ್ ತಂಡ, ಸದಾ ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಸಾಧನವನ್ನು ಬದಲಿಸಿತು; ಆ ತಪ್ಪು ನಿಂತುಹೋಯಿತು ಎಂದು 2024ರ ಡಿಸೆಂಬರಿನಲ್ಲಿ ವರದಿ ಮಾಡಿತು. ನಮ್ಮ ಮೊದಲ ಸಾಧನವೂ ವಿಸ್ತೀರ್ಣವನ್ನು ಚದರ ಮೀಟರಿಗೆ ಪರಿವರ್ತಿಸಿಯೇ ಕೊಡಲಿ. ಆಗ ವಿವರಣೆ ಇಷ್ಟು ಸಾಕು: ‘ಸರ್ವೆ ಸಂಖ್ಯೆಯೊಂದರ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಕೊಡುತ್ತದೆ. ಮೂಲ ದಾಖಲೆಯ ಸೆಂಟ್ಸ್ ಅಥವಾ ಗುಂಟೆ ಈಗಾಗಲೇ ಪರಿವರ್ತನೆಯಾಗಿದೆ. ದಾಖಲೆ ಸಿಗದಿದ್ದರೆ ಸೊನ್ನೆಯ ಬದಲು ದೋಷಸೂಚನೆ ಬರುತ್ತದೆ.’

ಬೆಂಜನಪದವು, ಉಜಿರೆ, ಮಿಜಾರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಲ್ಲೊಂದು ಅನುಕೂಲವಿದೆ. ಸೆಂಟ್ಸ್-ಗುಂಟೆಗಳ ವ್ಯತ್ಯಾಸ, ಊರ ಹೆಸರಿನ ಹಲವು ಕಾಗುಣಿತ ಅವರಿಗೆ ಮೊದಲೇ ಗೊತ್ತು. ದೂರದ ತಂತ್ರಾಂಶ ಕಂಪನಿಗೆ ಗೊತ್ತಿರುವ ಖಾತರಿಯಿಲ್ಲ. ಗೊತ್ತಿರುವುದನ್ನು ಬರೆದಿಡುವ ಅಭ್ಯಾಸ ಮಾತ್ರ ಬೇಕು. ಅಧ್ಯಾಪಕರು ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ ಒಂದು ಸರಳ ಪರೀಕ್ಷೆ ಸೇರಿಸಬಹುದು: ಪ್ರೋಗ್ರಾಮನ್ನು ತೋರಿಸದೆ ವಿವರಣೆಯನ್ನಷ್ಟೇ ಸಹಪಾಠಿಗೆ ಕೊಟ್ಟು, ಇದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬರುವ ಉತ್ತರದ ಏಕಮಾನ ಯಾವುದು ಎಂದು ಕೇಳುವುದು. ಅವನು ತಡವರಿಸಿದರೆ ಏಜೆಂಟೂ ತಡವರಿಸುತ್ತದೆ. ಮಾನಕವು ವಿವರಣೆಯನ್ನು ಐಚ್ಛಿಕವೆಂದರೂ ನಮ್ಮ ತರಗತಿಗಳಲ್ಲಿ ಅದು ಕಡ್ಡಾಯವಾಗಲಿ, ಅದಕ್ಕೆ ಅಂಕವೂ ಇರಲಿ.